ಹಿಂಗೋಡೆ ಒಡೆದು ಬೀಮ್ ಕೂರಿಸುವ ಮೊದಲು

ಮೈಸೂರಿನ ನಮ್ಮ ಮನೆ 1986ರಲ್ಲಿ ಕಟ್ಟಿದ್ದು. ಅದರಲ್ಲಿ ಕಂಬಗಳಿಲ್ಲ, ಸೈಜುಗಲ್ಲಿನ ಅಡಿಪಾಯದ ಮೇಲೆ 9 ಇಂಚಿನ ಇಟ್ಟಿಗೆ ಗೋಡೆಗಳು, ಆ ಗೋಡೆಗಳ ಮೇಲೆ ಆರ್‌ಸಿಸಿ ತಾರಸಿ. ಹಾಲನ್ನು ಹಿತ್ತಲಿನ ಕಡೆಗೆ 12 ಅಡಿ ಹಿಗ್ಗಿಸಿ, ಹಳೆಯ ಹಿಂಗೋಡೆಯನ್ನು 16 ಅಡಿಯಷ್ಟು ತೆಗೆದು, ಅಡ್ಡಗೋಡೆಯಿಲ್ಲದ ಒಂದೇ ವಿಶಾಲ ಜಾಗ ಮಾಡಿಕೊಳ್ಳಬೇಕೆಂಬುದು ನಮ್ಮ ಆಸೆಯಾಗಿತ್ತು. ಗೋಡೆಯ ಬದಲು ಏನು ಹಾಕಬೇಕೆಂದು ಕೇಳಿದಾಗ ಮೇಸ್ತ್ರಿ ಕೊಟ್ಟ ಉತ್ತರ ಇಷ್ಟೇ: "ಸಾರ್, ಎಂಟಿಂಚಿನ ಐ ಸೆಕ್ಷನ್ ಎರಡು ಜೋಡಿಸಿ ಕೂರಿಸ್ಬಿಟ್ರೆ ಆನೆ ನಿಂತ್ರೂ ಅಲ್ಲಾಡಲ್ಲ." ಐ ಸೆಕ್ಷನ್ ಎಂದರೆ ಇಂಗ್ಲಿಷಿನ I ಅಕ್ಷರದ ಆಕಾರದ ಉಕ್ಕಿನ ಬೀಮ್, ಅಂದರೆ ತೊಲೆ. ಸ್ಟ್ರಕ್ಚರಲ್ ಎಂಜಿನಿಯರ್ ಕೇಳಿದ್ದ 12,000 ರೂಪಾಯಿ ದಂಡವೆನಿಸಿದ್ದರಿಂದ ನಾನು ಆ ಮಾತಿಗೆ ತಲೆಯಾಡಿಸಿದೆ.

ಬೀಮ್ ಕೂರಿಸಿ ತಾತ್ಕಾಲಿಕ ಆಸರೆ ಕಂಬಗಳನ್ನು ತೆಗೆದ ಮೂರನೆಯ ವಾರ, ತಾರಸಿಯ ಮೇಲಿನ ಶೀಟ್ ಹೊದಿಸಿದ ಕೋಣೆಯ ಬಾಗಿಲು ಹಾಕಿಕೊಳ್ಳುವುದು ನಿಂತಿತು. ಮಳೆಗೆ ಮರ ಉಬ್ಬಿರಬೇಕೆಂದು ಬಡಗಿಯನ್ನು ಕರೆಸಿ ಬಾಗಿಲಿನ ಅಂಚು ಹೆರೆಸಿದೆ. ಹತ್ತು ದಿನದಲ್ಲಿ ಅದು ಮತ್ತೆ ಹಿಡಿಯಿತು. ಅಷ್ಟರಲ್ಲಿ ಕೆಳಗಡೆ ಅಡುಗೆಮನೆಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತುವ ಬಿರುಕೊಂದು ಕಾಣಿಸಿಕೊಂಡಿತ್ತು. ಅದರ ಮೇಲೆ ಅಡ್ಡಲಾಗಿ ಗಾಜಿನ ಪಟ್ಟಿಯೊಂದನ್ನು ಪ್ಲಾಸ್ಟರ್ ಆಫ್ ಪ್ಯಾರಿಸ್‌ನಿಂದ ಅಂಟಿಸಿದೆವು. ಎಂಟನೆಯ ದಿನ ಗಾಜು ಎರಡು ತುಂಡಾಗಿತ್ತು, ಅಂದರೆ ಗೋಡೆ ಇನ್ನೂ ಸರಿಯುತ್ತಲೇ ಇತ್ತು. ಆಮೇಲೆ ಓಡಿದ್ದು ಅದೇ ಎಂಜಿನಿಯರ್ ಬಳಿಗೆ.

ಅವರು ಬೀಮಿನ ಎರಡು ತುದಿಗಳ ನಡುವೆ ನೂಲು ಎಳೆದು ಅಳೆದಾಗ ಮಧ್ಯಭಾಗ ಒಂದು ಇಂಚಿಗಿಂತ ಹೆಚ್ಚು ಜೋತುಬಿದ್ದಿತ್ತು. ಆ ಉದ್ದಕ್ಕೆ ಅವರು ಒಪ್ಪುವ ಮಿತಿ ಸುಮಾರು 13 ಮಿಲಿಮೀಟರ್. ಅವರ ಲೆಕ್ಕ ಕೇಳಿ ನನಗೆ ನಾಚಿಕೆಯಾಯಿತು. ಹಳೆಯ ತಾರಸಿಯ ಅರ್ಧ, ಹೊಸ ತಾರಸಿಯ ಅರ್ಧ, ತೆಗೆದ ಗೋಡೆಯ ನೇರಕ್ಕೇ ಮೇಲೆ ನಿಂತಿದ್ದ ಕೋಣೆಯ ಇಟ್ಟಿಗೆ ಗೋಡೆ, ಜನ ಓಡಾಡುವ ಭಾರ, ಇವೆಲ್ಲ ಕೂಡಿ ಬೀಮಿನ ಮೇಲೆ ಸುಮಾರು 16 ಟನ್ ಬೀಳುತ್ತಿತ್ತು. ದಸರೆಯ ದೊಡ್ಡ ಆನೆಯೊಂದರ ತೂಕ 5 ಟನ್ ಆಸುಪಾಸು. ಮೇಸ್ತ್ರಿ ಹೇಳಿದ್ದು ಒಂದೇ ಆನೆಯ ಮಾತು, ನಮ್ಮ ಮನೆಯಲ್ಲಿ ನಿಂತಿದ್ದವು ಮೂರು.

ಬೀಮ್ ಮುರಿಯದಿದ್ದರೆ ಸಾಕೆಂದು ನಾನು ತಿಳಿದಿದ್ದೆ. ಆದರೆ ಮನೆ ಕೆಡುವುದು ಮುರಿತಕ್ಕೆ ಬಹಳ ಮೊದಲೇ, ಬಾಗುವಿಕೆಯಿಂದ. ಉದ್ದಕ್ಕೂ ಒಂದೇ ಸಮನಾಗಿ ಭಾರ ಹೊತ್ತ ಬೀಮಿನ ಬಾಗು ಅದರ ಉದ್ದದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಹೀಗಾಗಿ 10 ಅಡಿಯ ತೆರಪಿನಲ್ಲಿ ಚೆನ್ನಾಗಿ ನಿಂತ ಅದೇ ಸೆಕ್ಷನ್ 16 ಅಡಿಯಲ್ಲಿ ಆರೂವರೆ ಪಟ್ಟು ಬಾಗುತ್ತದೆ. ಪಕ್ಕದ ಬೀದಿಯ ಮನೆಯಲ್ಲಿ ಇದನ್ನೇ ಹಾಕಿದ್ದೇವೆ ಎಂಬ ಭರವಸೆಗೆ ಅರ್ಥವಿಲ್ಲದಿರುವುದು ಇದೇ ಕಾರಣಕ್ಕೆ. ಇನ್ನೊಂದು ಕಡೆ, 200 ಮಿಲಿಮೀಟರಿನ ಐ ಸೆಕ್ಷನ್‌ಗೆ ಹೋಲಿಸಿದರೆ 300ರದ್ದು ತೂಕದಲ್ಲಿ ಎರಡು ಪಟ್ಟೂ ಇಲ್ಲ, ಬಾಗದಿರುವ ಬಿಗುವಿನಲ್ಲಿ ಮಾತ್ರ ಸುಮಾರು ನಾಲ್ಕು ಪಟ್ಟು. ಹೆಚ್ಚುವರಿ ಕಬ್ಬಿಣದ ಖರ್ಚು ನಾನು ಭಯಪಟ್ಟಷ್ಟೇನೂ ಆಗುತ್ತಿರಲಿಲ್ಲ.

ಇದಕ್ಕಿಂತ ಗಂಭೀರವಾದ ತಪ್ಪು ತುದಿಗಳಲ್ಲಿತ್ತು. ಬೀಮಿನ ಒಂದೊಂದು ತುದಿಯೂ ಸುಮಾರು 8 ಟನ್ ಭಾರವನ್ನು ಗೋಡೆಗೆ ಇಳಿಸುತ್ತಿತ್ತು, ಆದರೆ ಅದು ಕೂತಿದ್ದು ಭಾರವನ್ನು ಇಟ್ಟಿಗೆಗಳ ಮೇಲೆ ಹರಡುವ ಕಾಂಕ್ರೀಟಿನ ಬೆಡ್ ಬ್ಲಾಕ್ ಇಲ್ಲದೆ, ನೇರವಾಗಿ ಇಟ್ಟಿಗೆಯ ಮೇಲೆ, ಬರೀ 4 ಇಂಚು. ಬಲಬದಿಯಲ್ಲಂತೂ ಆ ತುದಿಗೂ ಅಡುಗೆಮನೆಯ ಕಿಟಕಿಗೂ ನಡುವೆ ಉಳಿದಿದ್ದದ್ದು 14 ಇಂಚಿನ ಗೋಡೆ. ಗಾರೆ ಕೆರೆದು ನೋಡಿದಾಗ ಬೀಮಿನ ಕೆಳಗಿನ ಎರಡು ಸಾಲು ಇಟ್ಟಿಗೆ ಬೆರಳಿಗೆ ಪುಡಿಯಾಗಿ ಬರುತ್ತಿತ್ತು. ಬೀಮಿನ ನೆತ್ತಿಗೂ ಮೇಲಿನ ಗೋಡೆಗೂ ನಡುವಿನ ಸಂದಿಗೆ ಇಟ್ಟಿಗೆ ಚೂರು ಮತ್ತು ತೆಳು ಗಾರೆ ತುರುಕಿದ್ದರು. ಅಲ್ಲಿ ಉಕ್ಕಿನ ಬೆಣೆ ಹೊಡೆದು, ಗಟ್ಟಿಯಾಗುವಾಗ ಕುಗ್ಗದ ಗ್ರೌಟ್ ಎಂಬ ಸಿಮೆಂಟ್ ಮಿಶ್ರಣ ತುಂಬಿದ್ದರೆ ಆಸರೆ ತೆಗೆದಾಗ ಗೋಡೆ ಅಷ್ಟು ಕುಸಿಯುತ್ತಿರಲಿಲ್ಲ. ಗೋಡೆ ಒಡೆಯುವಾಗ ಆಸರೆ ಕೊಟ್ಟಿದ್ದೂ ತಾರಸಿಗೆ ಮಾತ್ರ, ಅದೂ ಸರ್ವೆ ಕಂಬಗಳಿಂದ. ಮೇಲಿನ ಗೋಡೆಯನ್ನು ಹೊರಲು ಅದರ ಮೂಲಕ ಅಡ್ಡ ತೊಲೆಗಳನ್ನು ತೂರಿಸಿ, ಎರಡೂ ಬದಿಗೆ ಜಾಕಿ ಕೊಡಬೇಕಿತ್ತು.

ಎಂಜಿನಿಯರ್ ಅಂದೇ ಮೇಲಿನ 1000 ಲೀಟರ್ ಟ್ಯಾಂಕನ್ನು ಖಾಲಿ ಮಾಡಿಸಿ ಒಂದು ಟನ್ ಇಳಿಸಿದರು. ನಂತರ ಎಲ್ಲವನ್ನೂ ಜಾಕಿಗಳ ಮೇಲೆ ನಿಲ್ಲಿಸಿ, 300 ಮಿಲಿಮೀಟರಿನ ಎರಡು ಸೆಕ್ಷನ್‌ಗಳನ್ನು ಕೂರಿಸಿ, ಎಡಕ್ಕೆ ಬೆಡ್ ಬ್ಲಾಕ್, ಬಲಕ್ಕೆ ಸ್ವಂತ ಅಡಿಪಾಯದ ಆರ್‌ಸಿಸಿ ಕಂಬ ಕೊಟ್ಟರು. ಒಟ್ಟು ಖರ್ಚು 3 ಲಕ್ಷ ದಾಟಿತು.

ನೀವು ಇಂಥ ಕೆಲಸಕ್ಕೆ ಕೈಹಾಕುವುದಾದರೆ ಗೋಡೆಗೆ ಸುತ್ತಿಗೆ ಬೀಳುವ ಮೊದಲೇ ಸಹಿ ಇರುವ ನಕ್ಷೆಯನ್ನು ಕೇಳಿ ಪಡೆಯಿರಿ. ಬೀಮಿನ ಅಳತೆಯ ಜೊತೆಗೆ ತುದಿ ಎಷ್ಟು ಇಂಚು ಯಾವುದರ ಮೇಲೆ ಕೂರುತ್ತದೆ, ಆ ಭಾರ ಅಡಿಪಾಯದವರೆಗೆ ಹೇಗೆ ಇಳಿಯುತ್ತದೆ, ಜಾಕಿಗಳನ್ನು ಯಾವ ಕ್ರಮದಲ್ಲಿ ಕೊಟ್ಟು ಯಾವಾಗ ತೆಗೆಯಬೇಕು ಎಂಬುದೂ ಅದರಲ್ಲಿರಬೇಕು. ನಮ್ಮ ಆ ಕಂಬ ಈಗ ಹಾಲಿನ ಮೂಲೆಯಿಂದ ಅರ್ಧ ಅಡಿ ಹೊರಚಾಚಿ ನಿಂತಿದೆ. ಮೊದಲೇ ನಕ್ಷೆ ಮಾಡಿಸಿದ್ದರೆ ಅಡುಗೆಮನೆಯ ಕಿಟಕಿಯನ್ನು ಎರಡಡಿ ಸರಿಸಿ ಅದನ್ನು ಗೋಡೆಯೊಳಗೇ ಅಡಗಿಸಬಹುದಿತ್ತು.