ಕೋಟೆಯ ಮ್ಯೂಸಿಯಂ, ಸನ್ನಿಸೈಡ್, ನಾಲ್ಕುನಾಡು ಅರಮನೆ, ಕಾಫಿ ಕಣ: ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲಿ?

ನಾನು ಪಾಠ ಮಾಡುವ ಎಂಟನೇ ತರಗತಿಯಲ್ಲಿ 36 ಮಕ್ಕಳು. ಒಂದು ಬಸ್ಸು, ಒಂದು ದಿನ. ಸೋಮವಾರಪೇಟೆ ಕಡೆಯ ಹಳ್ಳಿಗಳ ಈ ಮಕ್ಕಳಲ್ಲಿ ಅನೇಕರು ಮಡಿಕೇರಿಯನ್ನು ಕಂಡದ್ದು ದಸರಾದ ರಾತ್ರಿ, ದಶಮಂಟಪಗಳ ಬೆಳಕಿನಲ್ಲಿ, ಜನಜಂಗುಳಿಯ ನಡುವೆ. ಶಾಲಾ ಪ್ರವಾಸ ಎಂದರೆ ಅಬ್ಬಿ ಜಲಪಾತ, ರಾಜಾಸೀಟು, ಮರಳಿ ಮನೆ. ಈ ಸಲ ಒಳಹೊಕ್ಕು ನೋಡುವಂಥ ಜಾಗಗಳೇ ಬೇಕು ಎಂದು ಹಟ ಹಿಡಿದವಳು ನಾನು. ಹಾಗಾಗಿ ಹೋದ ಚಳಿಗಾಲದಿಂದ ರಜೆಯ ದಿನಗಳಲ್ಲಿ ಒಂದೊಂದನ್ನೇ ನೋಡಿ ಬಂದೆ. ಒಂದು ದಿನದಲ್ಲಿ ನೆಮ್ಮದಿಯಾಗಿ ನೋಡಲು ಸಾಧ್ಯವಾಗುವುದು ಎರಡೇ ಜಾಗ.

ಮೊದಲು ಮಡಿಕೇರಿಯ ಕೋಟೆ. ಕೊಡಗಿನ ಅರಸ ಮುದ್ದುರಾಜ ಕಟ್ಟಿಸಿದ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಅರಮನೆಯನ್ನು 1812ರಿಂದ 1814ರ ನಡುವೆ ಲಿಂಗರಾಜೇಂದ್ರ ಹೊಸದಾಗಿ ಕಟ್ಟಿಸಿದ. 1834ರಲ್ಲಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಕೋಟೆಯೊಳಗೆ ಚರ್ಚೊಂದು ಎದ್ದಿತು. ಈಗ ಸರ್ಕಾರಿ ವಸ್ತುಸಂಗ್ರಹಾಲಯ ಇರುವುದು ಆ ಚರ್ಚಿನಲ್ಲೇ. ರಾಜರು, ಸುಲ್ತಾನ, ಬ್ರಿಟಿಷರು ಎಂದು ಪಾಠದಲ್ಲಿ ಮೂರು ಅಧ್ಯಾಯ ಹಿಡಿಯುವ ಕಥೆ ಇಲ್ಲಿ ಒಂದೇ ಆವರಣದಲ್ಲಿ ಕಣ್ಣಿಗೆ ಬೀಳುತ್ತದೆ. ಅಂಗಳದ ಎರಡು ಗಾರೆಯ ಆನೆಗಳ ಎದುರು ಮಕ್ಕಳು ಫೋಟೊ ತೆಗೆಸಿಕೊಳ್ಳದೆ ಬಿಡುವುದಿಲ್ಲ, ಅದಕ್ಕೆ ಹತ್ತು ನಿಮಿಷ ಮೀಸಲಿಡಬೇಕು.

ಒಳಗೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿದ್ದು ಜೈನ ಶಿಲ್ಪಗಳು. ನಮ್ಮ ಶಾಲೆಯಿಂದ ಹೆಚ್ಚು ದೂರವಿಲ್ಲದ ಮುಳ್ಳೂರಿನಲ್ಲಿ ಕೊಂಗಾಳ್ವ ಅರಸರ ಕಾಲದ, 11ನೇ ಶತಮಾನದ ಬಸದಿಗಳಿವೆ. ಆ ದಾರಿಯಲ್ಲಿ ದಿನವೂ ಬಸ್ಸಿನಲ್ಲಿ ಹಾದುಹೋಗುವ ಮಕ್ಕಳಿಗೆ ಅದು ಬರೀ ಹಳೆಯ ಗುಡಿ. ತಲೆಯ ಮೇಲೆ ಹಾವಿನ ಹೆಡೆಗಳಿದ್ದರೆ ಸಾಮಾನ್ಯವಾಗಿ ತೀರ್ಥಂಕರ ಪಾರ್ಶ್ವನಾಥ ಎಂಬ ಒಂದೇ ಗುರುತನ್ನು ಹೇಳಿಕೊಟ್ಟರೂ ಸಾಕು, ಮುಂದಿನ ಸಲ ಮುಳ್ಳೂರಿನಲ್ಲಿ ಅವರೇ ಹುಡುಕುತ್ತಾರೆ. ಕೊಡವರ ಆಯುಧಗಳ ವಿಷಯವೂ ಹಾಗೆಯೇ. ಬೆನ್ನ ಹಿಂದೆ ಹಿತ್ತಾಳೆಯ ತೊಡಂಗಿನಲ್ಲಿ ಸಿಕ್ಕಿಸುವ ಅಗಲ ಅಲಗಿನ ಒಡಿಕತ್ತಿ, ಕುಪ್ಯ ಎಂಬ ನಿಲುವಂಗಿಯ ಮೇಲೆ ನಡುಪಟ್ಟಿಯಾಗಿ ಕಟ್ಟಿದ ಚೇಲೆಯಲ್ಲಿ ಮುಂದಕ್ಕೆ ಸಿಕ್ಕಿಸುವ ಪೀಚೆಕತ್ತಿ: ಇವು ನಮ್ಮ ತರಗತಿಯ ಕೆಲವು ಮಕ್ಕಳ ಮನೆಯ ದೇವರಕೋಣೆಯಲ್ಲಿ ಇವತ್ತಿಗೂ ಇವೆ, ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜಿಸುತ್ತಾರೆ. ಹಿಂದಿನ ದಿನ ಶಿಕ್ಷಕರು ಒಂದು ಗಂಟೆ ಪಾಠ ಮಾಡಿ ಸಿದ್ಧಗೊಳಿಸಿದರೆ ಈ ಸಂಗ್ರಹ ಮಕ್ಕಳೊಂದಿಗೆ ಮಾತನಾಡುತ್ತದೆ. ಸಿದ್ಧತೆಯಿಲ್ಲದೆ ಹೋದರೆ ಕಾಲು ಗಂಟೆಯಲ್ಲಿ ಎಲ್ಲರೂ ಹೊರಗೆ ಆನೆಗಳ ಬಳಿ ಇರುತ್ತಾರೆ.

ಅದೇ ಊರಿನ ಸನ್ನಿಸೈಡ್‌ಗೆ ಅಂಥ ಸಿದ್ಧತೆ ಬೇಕಿಲ್ಲ. ಜನರಲ್ ಕೆ.ಎಸ್. ತಿಮ್ಮಯ್ಯನವರ ಬಾಲ್ಯದ ಮನೆ ಅದು. ಬಹುಕಾಲ ಅಲ್ಲಿ ಆರ್‌ಟಿಒ ಕಚೇರಿ ಇತ್ತು, 2021ರ ಫೆಬ್ರುವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅದನ್ನು ವಸ್ತುಸಂಗ್ರಹಾಲಯವಾಗಿ ಉದ್ಘಾಟಿಸಿದರು. ಅಂಗಳದಲ್ಲಿ ಟ್ಯಾಂಕು, ಯುದ್ಧವಿಮಾನ, ಒಳಗೆ ಕೋಣೆಯಿಂದ ಕೋಣೆಗೆ ಒಬ್ಬ ಮನುಷ್ಯನ ಬದುಕು. 1906ರಲ್ಲಿ ಹುಟ್ಟಿದ ಹುಡುಗ, 1948ರ ನವೆಂಬರ್‌ನಲ್ಲಿ 11,000 ಅಡಿಗೂ ಎತ್ತರದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಏರಿಸಿದ ಸೇನಾನಿ, ಕೊರಿಯಾದಲ್ಲಿ ಯುದ್ಧಕೈದಿಗಳ ಪ್ರಶ್ನೆ ಬಗೆಹರಿಸುವ ಆಯೋಗದ ಅಧ್ಯಕ್ಷ, 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥ, ಕೊನೆಗೆ 1965ರ ಡಿಸೆಂಬರ್‌ನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯ ನಾಯಕನಾಗಿರುವಾಗಲೇ ಸಾವು. ಕಥೆಗೆ ಆದಿ ಅಂತ್ಯ ಇರುವುದರಿಂದ ಮಕ್ಕಳು ತಾವಾಗಿಯೇ ಮುಂದಿನ ಕೋಣೆಗೆ ನಡೆಯುತ್ತಾರೆ. ನಾನು ಹೋದ ದಿನ ಒಬ್ಬ ಅಜ್ಜ ಮೊಮ್ಮಗನ ಕೈ ಹಿಡಿದು ಟ್ಯಾಂಕಿನ ಚಕ್ರಗಳನ್ನು ಎಣಿಸುತ್ತಿದ್ದರು. ಒಳಗೆ ಹೋದ ಮೇಲೆ ಆ ಹುಡುಗನೇ ಅಜ್ಜನನ್ನು ಎಳೆದುಕೊಂಡು ಹೋದ.

ಇವೆರಡರಲ್ಲಿ ಒಂದನ್ನು ಆರಿಸಲು ನನಗೆ ಬಹಳ ದಿನ ಹಿಡಿಯಿತು. ಅಚ್ಚುಕಟ್ಟುತನದಲ್ಲಿ ಸನ್ನಿಸೈಡ್ ಮುಂದೆ, ಅದರಲ್ಲಿ ಅನುಮಾನವೇ ಇಲ್ಲ. ಪೋಷಕರೊಂದಿಗೆ ಬರುವ ಮಗುವಿಗೆ, ಮೊದಲ ಸಲ ಮ್ಯೂಸಿಯಂ ನೋಡುವವರಿಗೆ ನಾನು ಅದನ್ನೇ ಹೇಳುತ್ತೇನೆ. ಆದರೆ ಪಾಠ ಮಾಡುವವಳಾಗಿ ನನಗೆ ಕೋಟೆಯ ಮೇಲೆ ಆಸೆ ಹೆಚ್ಚು, ಏಕೆಂದರೆ ಅಲ್ಲಿನ ಕಲ್ಲಿನಿಂದ ಮಕ್ಕಳ ಊರಿಗೆ ನೇರ ದಾರಿ ಇದೆ.

ನಾಲ್ಕುನಾಡು ಅರಮನೆ ಇವೆರಡಕ್ಕಿಂತಲೂ ನನ್ನನ್ನು ಅಲುಗಾಡಿಸಿತು. ನಾಪೋಕ್ಲು ದಾಟಿ ಕಕ್ಕಬ್ಬೆಗೆ ಹೋಗಿ, ತಡಿಯಂಡಮೋಳ್ ಬೆಟ್ಟದ ಬುಡಕ್ಕೆ ಏರಬೇಕು. ಟಿಪ್ಪುವಿನ ಸೆರೆಯಿಂದ ತಪ್ಪಿಸಿಕೊಂಡು ಬಂದ ದೊಡ್ಡವೀರರಾಜೇಂದ್ರ 1792ರ ಹೊತ್ತಿಗೆ ಕಟ್ಟಿಸಲು ತೊಡಗಿದ ಹೆಂಚಿನ ಮನೆ, ಎದುರಿಗೆ ಪುಟ್ಟ ಮಂಟಪ. ಕೊನೆಯ ರಾಜ ಚಿಕ್ಕವೀರರಾಜೇಂದ್ರ 1834ರಲ್ಲಿ ಅಡಗಿ ಕುಳಿತದ್ದೂ ಇಲ್ಲೇ. ಒಳಗಿನ ಕತ್ತಲೆ ಕೋಣೆಗೆ ಕಾಲಿಟ್ಟಾಗ ಮೊಬೈಲ್ ಬೆಳಕು ಆರಿಸಿ ಒಂದು ನಿಮಿಷ ನಿಂತೆ. ಬೆಟ್ಟದ ನೀರಿನ ಸದ್ದು ಬಿಟ್ಟರೆ ಏನೂ ಇಲ್ಲ. ರಾಜನೊಬ್ಬ ಹೆದರಿ ಇಲ್ಲಿ ಕಿವಿಗೊಟ್ಟು ಕುಳಿತಿದ್ದ ಎಂಬುದು ಯಾವ ಪುಸ್ತಕ ಓದಿದಾಗಲೂ ನನಗೆ ಅಷ್ಟು ನಿಜವಾಗಿ ತಟ್ಟಿರಲಿಲ್ಲ. ಆದರೂ 36 ಮಕ್ಕಳ ಬಸ್ಸಿಗೆ ಸೋಮವಾರಪೇಟೆಯಿಂದ ಅದು ದೂರ, ರಸ್ತೆ ಕಿರಿದು, ಮರದ ಹಳೆಯ ಮನೆಯೊಳಗೆ ಒಂದೇ ಸಲ ಅಷ್ಟು ಮಂದಿ ನುಗ್ಗುವುದು ಆ ಮನೆಗೂ ಒಳ್ಳೆಯದಲ್ಲ. ನಾಲ್ಕೈದು ಜನರ ಕುಟುಂಬವಾದರೆ ಮೊದಲು ಇಲ್ಲಿಗೇ ಹೋಗಿ ಎನ್ನುತ್ತೇನೆ.

ದುಬಾರೆ ಆನೆ ಶಿಬಿರವನ್ನು ನಮ್ಮ ಮಕ್ಕಳಲ್ಲಿ ಹೆಚ್ಚಿನವರು ನೋಡಿಯಾಗಿದೆ, ಅದನ್ನು ಬಿಟ್ಟೆ.

ಉಳಿದದ್ದು ಕಾಫಿ. ಕಾಫಿಯ ನಾಡಿನ ಮಕ್ಕಳಿಗೆ ಕಾಫಿ ತೋರಿಸುವುದೇನು ಎಂದು ಸಹೋದ್ಯೋಗಿಗಳು ಕೇಳಿದರು. ಮೊದಲು ಪ್ರವಾಸಿಗರಿಗೆಂದೇ ನಡೆಸುವ ಒಂದು ತೋಟದ ನಡಿಗೆಗೆ ಹಣ ಕೊಟ್ಟು ಹೋದೆ. ಮುಕ್ಕಾಲು ಗಂಟೆ ಮೆಣಸಿನ ಬಳ್ಳಿ, ಏಲಕ್ಕಿ ಗಿಡ, ಹಸಿರು ಕಾಯಿ ತೋರಿಸಿ ನೇರವಾಗಿ ಮಸಾಲೆ ಅಂಗಡಿಯ ಬಾಗಿಲಿಗೆ ತಂದು ನಿಲ್ಲಿಸಿದರು. ಹಣ್ಣು ಬೀಜವಾಗುವ ಬಗೆ ಹೇಗೆ ಎಂದರೆ ಉತ್ತರವಿಲ್ಲ. ಬೇಸರದಿಂದ ಮರಳಿದೆ.

ಡಿಸೆಂಬರ್‌ನಲ್ಲಿ, ಅರೇಬಿಕಾ ಕೊಯ್ಲಿನ ನಡುವೆ, ಗೆಳತಿಯ ಮನೆಯ ತೋಟಕ್ಕೆ ಸಂಜೆ ಹೋದೆ. ಕೊಯ್ದ ಹಣ್ಣನ್ನು ಅದೇ ದಿನ ಸಿಪ್ಪೆ ಸುಲಿಯುವ ಯಂತ್ರವಾದ ಪಲ್ಪರ್‌ಗೆ ಹಾಕಬೇಕು, ತಡವಾದರೆ ಹುಳಿಯುತ್ತದೆ. ತೂಕದ ಬಳಿ ಸಾಲು ನಿಂತಿತ್ತು, ತೋಟದ ಲೆಕ್ಕ ಬರೆಯುವ ರೈಟರ್ ಪುಸ್ತಕ ಹಿಡಿದು ಕಿಲೋ ಬರೆದುಕೊಳ್ಳುತ್ತಿದ್ದರು. ಆ ಸಾಲಿನಲ್ಲಿ ಅಮ್ಮನ ಪಕ್ಕ ನನ್ನ ತರಗತಿಯ ಹುಡುಗಿಯೊಬ್ಬಳು, ತೋಟದ ಕಾರ್ಮಿಕರ ಲೈನ್‌ಮನೆಯ ಮಗು, ವರ್ಷವಿಡೀ ಪಾಠದಲ್ಲಿ ಬಾಯಿ ಬಿಡದವಳು. ಅವಳೇ ನನ್ನನ್ನು ನೀರಿನ ತೊಟ್ಟಿಯ ಬಳಿ ಕರೆದುಕೊಂಡು ಹೋದಳು. "ಟೀಚರ್, ತೇಲಿದ ಹಣ್ಣು ಜೊಳ್ಳು. ಅದನ್ನು ಬೇರೆ ತೆಗೆಯಬೇಕು." ಪಲ್ಪರ್‌ನಿಂದ ಹೊರಬಂದ ಬೀಜವನ್ನು ಅಂಗೈಗೆ ಇಟ್ಟಳು. ಲೋಳೆಗೆ ಬೆರಳಿನಿಂದ ಜಾರಿ ಬಿತ್ತು, ಮತ್ತೆ ಎತ್ತಿಕೊಟ್ಟಳು. ಈ ಲೋಳೆ ಬಿಡಲೆಂದು ತೊಟ್ಟಿಯಲ್ಲಿ ಕೊಳೆಯಿಟ್ಟು, ತೊಳೆದು, ಕಣದಲ್ಲಿ ಒಣಗಿಸಿದರೆ ಪಾರ್ಚ್‌ಮೆಂಟ್. ಹಣ್ಣನ್ನು ಹಾಗೆಯೇ ಒಣಗಿಸಿದರೆ ಚೆರಿ. ಒಣಗಿತೇ ಎಂದು ನೋಡುವುದು ಹೇಗೆ ಎಂದರೆ ರೈಟರ್ ಕಣದಿಂದ ಎರಡು ಬೀಜ ಆರಿಸಿ ಕೊಟ್ಟರು. ಒಂದರಲ್ಲಿ ಹಲ್ಲಿನ ಗುರುತು ಮೂಡಿತು, ಇನ್ನೊಂದು ಟಕ್ಕನೆ ಒಡೆಯಿತು. ಸುಮಾರು ಆರು ಕಿಲೋ ಹಣ್ಣಿನಿಂದ ಒಂದು ಕಿಲೋ ಬೀಜ ಎಂಬ ಲೆಕ್ಕವನ್ನು ಗಣಿತದ ಅನುಪಾತಕ್ಕೆ ಅಲ್ಲೇ ಬರೆದುಕೊಂಡೆ.

ಅಷ್ಟರಲ್ಲಿ ಮೋಡ ಕವಿಯಿತು. ಯಾರೋ ಕೂಗಿದ್ದೇ ತಡ, ಎಲ್ಲರೂ ಉದ್ದ ಹಿಡಿಯ ಹಲಗೆಗಳಿಂದ ಕಾಫಿಯನ್ನು ಗುಡ್ಡೆ ಮಾಡಿ ಟಾರ್ಪಾಲು ಎಳೆದರು. ನಾನೂ ಒಂದು ತುದಿ ಹಿಡಿದೆ. ಹನಿ ಬೀಳಲಿಲ್ಲ, ಆದರೂ ಬೆಳಗಿನವರೆಗೆ ಯಾರೂ ಅದನ್ನು ತೆಗೆಯಲಿಲ್ಲ.

ಆ ಸಂಜೆಯೇ ನಿರ್ಧಾರವಾಯಿತು: ಬೆಳಿಗ್ಗೆ ಕೋಟೆ, ಸಂಜೆ ಕಣ. ನಮ್ಮ ತರಗತಿಯಲ್ಲಿ ಲೈನ್‌ಮನೆಗಳಿಂದ ಬರುವ ಮಕ್ಕಳು ಹನ್ನೊಂದು. ಕಣದಲ್ಲಿ ವಿವರಿಸುವ ಕೆಲಸವನ್ನು ಅವರಿಗೇ ಒಪ್ಪಿಸಿದ್ದೇನೆ, ಗುಂಪಿಗೆ ಒಬ್ಬರಂತೆ. ಸನ್ನಿಸೈಡ್‌ಗೆ ಮುಂದಿನ ವರ್ಷ ಒಂಬತ್ತನೇ ತರಗತಿಯಾದಾಗ ಹೋಗುತ್ತೇವೆ. ಪಲ್ಪರ್ ಶುರುವಾಗುವುದು ತೂಕ ಮುಗಿದ ಮೇಲೆಯೇ ಆದ್ದರಿಂದ ಬಸ್ಸು ಮರಳುವಾಗ ಕತ್ತಲಾಗಿರುತ್ತದೆ. ಮಕ್ಕಳನ್ನು ಕರೆದೊಯ್ಯಲು ರಾತ್ರಿ ಎಂಟಕ್ಕೆ ಶಾಲೆಯ ಗೇಟಿನ ಬಳಿ ಬನ್ನಿ ಎಂದು ಪೋಷಕರಿಗೆ ಚೀಟಿ ಬರೆದು ಕಳುಹಿಸಿದ್ದೇನೆ. ಸ್ವೆಟರ್ ಮರೆಯದೆ ಹಾಕಿ ಕಳಿಸಿ ಎಂದೂ ಸೇರಿಸಿದ್ದೇನೆ.