ಖಾತೆ ಮಗನ ಹೆಸರಲ್ಲಿ, ಮನೇಲಿ ಅಮ್ಮ: ಮುಂಗಡ ಕೊಡೋ ಮುಂಚೆ ಇದನ್ನ ಓದಿ

ಮನೆ ತಗೊಳ್ಳೋ ಮುಂಚೆ ಆ ಮನೇಲಿ ಕೂತಿರೋ ಅಜ್ಜಿನ ಮಾತಾಡಿಸಿ. ನಾನು ಮಾತಾಡಿಸಲಿಲ್ಲ. 1 ಲಕ್ಷ ಹೋಯ್ತು, ಮರ್ಯಾದೆ ಬೇರೆ. ಇದನ್ನ ಬರೆಯೋಕೂ ನಾಚಿಕೆ ಆಗ್ತಿದೆ, ಯಾಕಂದ್ರೆ ನಾನು ಹೈಸ್ಕೂಲ್ ಟೀಚರ್. ‘ಪ್ರಶ್ನೆ ಪೂರ್ತಿ ಓದಿ ಉತ್ತರ ಬರೀರಿ’ ಅಂತ ವರ್ಷಾನುಗಟ್ಟಲೆ ಮಕ್ಕಳಿಗೆ ಬೈದವಳು.

ನಾವು ತುಮಕೂರಿನವರೇ. ನಮ್ಮನೆಯವರಿಗೆ ವಸಂತನರಸಾಪುರದಲ್ಲಿ ಕೆಲಸ. ಹದಿಮೂರು ವರ್ಷ ಬಾಡಿಗೆ ಮನೆ ಸಾಕಾಗಿತ್ತು. ಬ್ರೋಕರ್ ಕ್ಯಾತ್ಸಂದ್ರದ ಕಡೆ ಒಂದು ಹಳೇ ಮನೆ ತೋರಿಸಿದ. 30x40 ಸೈಟು, ಸಂಪು, ಮುಂದೆ ಕರಿಬೇವಿನ ಗಿಡ. 46 ಲಕ್ಷ. ಮಾರೋನು ಬೆಂಗಳೂರಲ್ಲಿರೋ ಒಬ್ಬನೇ ಮಗ. ಮೊದಲ ಸಲ ನೋಡೋಕೆ ಹೋದಾಗ ಹಾಲಲ್ಲಿ ಅವರಮ್ಮ ಕೂತಿದ್ರು. ನಾನು ನಮಸ್ಕಾರ ಅಂದೆ, ಅವರೂ ತಲೆ ಆಡಿಸಿದ್ರು. ಅಷ್ಟೇ. ಆ ಬ್ರೋಕರ್ ನಮ್ಮನ್ನ ಅಲ್ಲಿ ಎರಡು ನಿಮಿಷ ನಿಲ್ಲೋಕೆ ಬಿಡಲಿಲ್ಲ, ‘ಬನ್ನಿ ಅಕ್ಕ, ಟೆರೇಸ್ ನೋಡಿ’ ಅಂತ ಎಳ್ಕೊಂಡು ಹೋದ. ಈಗ ಅರ್ಥ ಆಗ್ತಿದೆ ಯಾಕೆ ಅಂತ.

ಕಾಗದ ನೋಡಲಿಲ್ಲ ಅಂತಲ್ಲ. ನೋಡಿದ್ವಿ. ಖಾತೆ ಮಗನ ಹೆಸರಲ್ಲಿ, ಕಂದಾಯದ ರಸೀದಿ ಮಗನ ಹೆಸರಲ್ಲಿ. ಇ.ಸಿ. (ಸ್ವತ್ತಿನ ಕ್ರಯ, ಅಡಮಾನ ತೋರಿಸೋ ಋಣಭಾರ ಪತ್ರ) ತೆಗೆಸಿದ್ವಿ, ಸಾಲ ಇಲ್ಲ, ಅಡಮಾನ ಇಲ್ಲ, ಅಪ್ಪ ತಗೊಂಡ ಕ್ರಯಪತ್ರ ಒಂದೇ ಇತ್ತು. ‘ಮತ್ತೆ ಅಪ್ಪನಿಂದ ನಿಮಗೆ ಹೇಗೆ ಬಂತು?’ ಅಂತ ನಮ್ಮನೆಯವರು ಕೇಳಿದ್ರು. ಕೇಳಿದ್ರು! ಅವನು ‘ಪೌತಿ ಆಗಿದೆ ಸರ್, ಎಲ್ಲ ಕ್ಲಿಯರ್’ ಅಂದ. ನಾವು ಹೂಂ ಅಂದ್ವಿ. ಪೌತಿ ಅಂದ್ರೆ ಸತ್ತವರ ಖಾತೆ ವಾರಸುದಾರರ ಹೆಸರಿಗೆ ಆಗೋದು, ಹಾಗಾಗಿದ್ರೆ ಅಮ್ಮನ ಹೆಸರೂ ಇರಬೇಕಲ್ವಾ? ವಿಲ್ ಬರೆಯದೆ ಗಂಡ ಸತ್ರೆ ಹೆಂಡತಿಗೂ ಮಕ್ಕಳಿಗೂ ಸಮಪಾಲು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಿಂದಲೂ ಹಾಗೇ ಇದೆ. ಅದು ನನಗೂ ಗೊತ್ತಿತ್ತು. ಗೊತ್ತಿದ್ದೂ ತಲೆಗೆ ಹೊಳೀಲಿಲ್ಲ.

ಲಾಯರಿಗೆ ತೋರಿಸೋಣ ಅಂದ್ರೆ ಬ್ರೋಕರ್ ಏನಂದ ಗೊತ್ತಾ? ‘ಹೆಂಗೂ ಲೋನಿಗೆ ಹೋದಾಗ ಬ್ಯಾಂಕಿನ ಲಾಯರ್ ನೋಡ್ತಾರಲ್ಲ ಅಕ್ಕ, ಎರಡೆರಡು ಸಲ ಯಾಕೆ ದುಡ್ಡು ದಂಡ?’ ಸರಿ ಅನ್ನಿಸ್ತು. ತಟ್ಟೆ ಇಡ್ಲಿ ತಿನ್ನುತ್ತಾ ಮಾತು ಮುಗೀತು. 3 ಲಕ್ಷ ಮುಂಗಡ. 2 ಲಕ್ಷ ಅಕೌಂಟಿಗೆ ಹಾಕಿದ್ವಿ, ಅಗ್ರಿಮೆಂಟಲ್ಲಿ ಬರೆದಿದ್ದೂ ಅಷ್ಟೇ. 1 ಲಕ್ಷ ಕೈಯಲ್ಲಿ ಕ್ಯಾಶ್. ರಸೀದಿ ಇಲ್ಲ. ಹೌದು, ಇಲ್ಲ. ಬೈಯೋರು ಬೈಯಿರಿ, ನಮ್ಮಮ್ಮ ಆಗಲೇ ಸಾಕಷ್ಟು ಬೈದಾಗಿದೆ.

ಹತ್ತು ದಿನ ಆದ ಮೇಲೆ ಅಡುಗೆಮನೇಲಿ ಫ್ರಿಡ್ಜ್ ಎಲ್ಲಿ ಕೂರುತ್ತೆ ಅಂತ ಅಳತೆ ತಗೊಳ್ಳೋಕೆ ನಾನೊಬ್ಬಳೇ ಟೇಪ್ ಹಿಡ್ಕೊಂಡು ಹೋದೆ. ಅಜ್ಜಿ ಹಾಲಲ್ಲಿ ಗೋಣಿಚೀಲ ಹಾಸ್ಕೊಂಡು ಹುಣಸೆಹಣ್ಣು ಕುಟ್ಟಿ ಬೀಜ ತೆಗೀತಿದ್ರು. ಪಕ್ಕದಲ್ಲಿ ಮೊರದ ತುಂಬ ಹಣ್ಣು, ಬೆರಳೆಲ್ಲ ಅಂಟು. ನಾನು ಗೋಡೆಗೆ ಟೇಪ್ ಇಡ್ತಿದ್ದ ಹಾಗೆ ಕೇಳಿದ್ರು:

‘ಬಾಡ್ಗೆಗೆ ಬಂದ್ರೇನವ್ವಾ? ಬೇರೆ ರೂಮಿಲ್ವಲ್ಲ, ಇರೋದಿದೊಂದೇ ಮನೆ.’

ನಾನು ಏನು ಹೇಳಲಿ? ‘ಇಲ್ಲ ಅಜ್ಜಿ, ನಾವು ತಗೊಳ್ತಿರೋರು’ ಅಂದೆ.

‘ಏನು ತಗೋತೀರಿ?’

ಮನೆ ಅಂದೆ. ಅಜ್ಜಿ ನಗಲೂ ಇಲ್ಲ, ಅಳಲೂ ಇಲ್ಲ. ಸೆರಗಿಗೆ ಕೈ ಒರೆಸ್ಕೊಂಡು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ್ರು. ‘ನಂಗೆ ಓದಕ್ಕೆ ಬರಲ್ಲ, ನೀನೇ ಓದು. ನಮ್ಮೆಜಮಾನ್ರು ಬರ್ಸಿಟ್ಟವ್ರೆ.’ ರಿಜಿಸ್ಟರ್ ಆಗಿರೋ ವಿಲ್. ಮೊದಲನೇ ಹಾಳೇಲಿ ಮನೆ ಮಗನಿಗೆ. ಎರಡನೇ ಹಾಳೇಲಿ: ‘ನನ್ನ ಧರ್ಮಪತ್ನಿಯು ತನ್ನ ಜೀವಿತಾವಧಿಯವರೆಗೂ ಸದರಿ ಮನೆಯಲ್ಲಿ ವಾಸ ಮಾಡಿಕೊಂಡಿರಲು ಹಕ್ಕುಳ್ಳವಳಾಗಿರುತ್ತಾಳೆ.’

ನಾನು ಅದನ್ನ ಜೋರಾಗಿ ಓದಿ ಹೇಳಿದೆ, ಅವರು ಕೇಳಿದ್ರು, ಮತ್ತೆ ಕೂತು ಹುಣಸೆಹಣ್ಣು ಕುಟ್ಟೋಕೆ ಶುರು ಮಾಡಿದ್ರು. ನನ್ನ ಕೈಯಲ್ಲಿ ಟೇಪ್ ಹಾಗೇ ಇತ್ತು. ಅವರ ಮನೇಲಿ ನಿಂತ್ಕೊಂಡು ಅವರನ್ನೇ ಹೊರಗೆ ಹಾಕೋಕೆ ಅಳತೆ ತಗೊಳ್ತಿದ್ದೆ ಅನ್ನಿಸ್ತು.

ಸಂಜೆ ಫೋನ್ ಮಾಡಿದ್ರೆ ಮಗನ ಉತ್ತರ: ‘ಅದು ಸುಮ್ನೆ ಒಂದು ಲೈನ್ ಮೇಡಂ, ಅಪ್ಪ ಸಮಾಧಾನಕ್ಕೆ ಬರ್ಸಿದ್ದು. ಮಾರಬಾರದು ಅಂತ ಎಲ್ಲಿದೆ ತೋರಿಸಿ?’ ಆಮೇಲೆ: ‘ಅಮ್ಮನ ಹತ್ರ ಹೆಬ್ಬೆಟ್ಟು ಒತ್ತಿಸಿ ನೋಟರಿ ಮಾಡಿಸಿ ಕೊಡ್ತೀನಿ.’ ಅದಕ್ಕೂ ನಾವು ಒಪ್ಪದಿದ್ದಾಗ ಹೇಳಿದ ಮಾತು ಇದು, ಇವತ್ತಿಗೂ ಕಿವೀಲಿದೆ: ‘ಅಮ್ಮಂಗೆ 78 ಮೇಡಂ. ಇನ್ನೆಷ್ಟು ದಿನ? ಅಡ್ಜಸ್ಟ್ ಮಾಡ್ಕೊಳ್ಳಿ.’ ಹೆತ್ತ ತಾಯಿ ಬಗ್ಗೆ! ಬ್ರೋಕರ್ ಇನ್ನೂ ಒಂದು ಹೆಜ್ಜೆ ಮುಂದೆ, ‘ನಂಗೇನ್ ಗೊತ್ತು ಅಕ್ಕ, ನೀವು ಓದಿದೋರು, ನೀವು ಕೇಳ್ಬೇಕಿತ್ತು’ ಅಂದ.

ಆಮೇಲೆ ಲಾಯರ್ ಹತ್ರ ಹೋದ್ವಿ, ದುಡ್ಡು ಕಳಕೊಂಡ ಮೇಲೆ ಎಲ್ಲರೂ ಹೋಗೋ ಹಾಗೆ. ಅವರು ಹೇಳಿದ್ದು ಕೇಳಿ. ವಿಲ್ ರಿಜಿಸ್ಟರ್ ಆಗಿದ್ರೂ ಇ.ಸಿ.ಯಲ್ಲಿ ಬರಲ್ಲ. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಕ್ರಯ, ಅಡಮಾನ ಎಲ್ಲ ಒಂದನೇ ಪುಸ್ತಕ, ವಿಲ್ ಮೂರನೇ ಪುಸ್ತಕ, ಇ.ಸಿ. ಬರೋದು ಒಂದನೆಯದರಿಂದ. ಬರೆದವರು ತೀರಿಹೋದ ಮೇಲೆ ಆ ವಿಲ್‌ನ ನಕಲು ಯಾರು ಬೇಕಾದರೂ ಅರ್ಜಿ ಹಾಕಿ ತಗೋಬಹುದಂತೆ. ಮಗ ತನಗೆ ಬಂದದ್ದನ್ನ ಮಾರಬಹುದು, ಆದರೆ ಅಜ್ಜಿ ಹಕ್ಕು ಮನೆ ಜೊತೆಗೇ ಬರುತ್ತೆ. ‘ಮನೆ ತಗೊಂಡ್ರೆ ಅಜ್ಜಿ ಸಮೇತ ತಗೊಂಡ ಹಾಗೆ’ ಅಂದ್ರು. ಹೆಂಡತಿಯ ಜೀವನಾಂಶದ ಹಕ್ಕಿನ ಬದಲು ಕೊಟ್ಟಿದ್ದು ಅಂತ ಕೋರ್ಟಲ್ಲಿ ಸಾಬೀತಾದ್ರೆ, ಅದು ಪೂರ್ತಿ ಒಡೆತನವೇ ಆಗೋ ಸಾಧ್ಯತೆಯೂ ಇದೆ, 1977ರಲ್ಲೇ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ ಅಂದ್ರು. ನೋಟರಿ ಹೆಬ್ಬೆಟ್ಟು ಕಸಕ್ಕೆ ಸಮ. ಹಕ್ಕು ಬಿಡೋದಾದ್ರೆ ಅಜ್ಜಿಯೇ ಸಬ್ ರಿಜಿಸ್ಟ್ರಾರ್ ಮುಂದೆ ಬಂದು ರಿಜಿಸ್ಟರ್ ಮಾಡಿಸಬೇಕು.

ನನಗೆ ಎಲ್ಲಕ್ಕಿಂತ ಚುರ್ ಅಂದಿದ್ದು ಇನ್ನೊಂದು. ‘ನಮಗೆ ಗೊತ್ತಿರಲಿಲ್ಲ ಸರ್’ ಅಂದೆ. ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ, ಮನೇಲಿ ಒಬ್ಬರು ವಾಸ ಇದ್ದಾರೆ ಅಂದ್ರೆ ಅವರಿಗೇನು ಹಕ್ಕಿದೆ ಅನ್ನೋದು ಕೊಳ್ಳೋರಿಗೆ ಗೊತ್ತು ಅಂತಲೇ ಲೆಕ್ಕವಂತೆ. ಕೇಳದೇ ಇದ್ದದ್ದು ನಮ್ಮ ತಪ್ಪು. ಕಣ್ಣೆದುರಿಗೇ ಕೂತಿದ್ರಲ್ಲ! ನಮಸ್ಕಾರ ಬೇರೆ ಮಾಡಿದ್ದೆ!

ನೋಟಿಸ್ ಹೋಯ್ತು. ಅಗ್ರಿಮೆಂಟಲ್ಲಿ ‘ಸದರಿ ಸ್ವತ್ತಿನ ಮೇಲೆ ಯಾರ ಹಕ್ಕುಬಾಧ್ಯತೆಯೂ ಇಲ್ಲ’ ಅಂತ ಅವನೇ ಸಹಿ ಹಾಕಿದ್ದ, ಅದೊಂದು ಕಾಪಾಡ್ತು. ಎರಡು ತಿಂಗಳು ಸತಾಯಿಸಿ 2 ಲಕ್ಷ ವಾಪಸ್ ಹಾಕಿದ. ಕ್ಯಾಶ್ ಕೇಳಿದ್ರೆ ‘ಯಾವ ಕ್ಯಾಶ್ ಮೇಡಂ?’ ಎರಡೇ ಪದ ಮತ್ತು ಒಂದು ಮೇಡಂ. ಆಮೇಲೆ ನಂಬರ್ ಬ್ಲಾಕ್.

ಹಾಗಾಗಿ, ಖಾತೆ ನೋಡಿ ಸುಮ್ಮನಾಗಬೇಡಿ, ಆ ಖಾತೆ ಯಾವ ಕಾಗದದ ಮೇಲೆ ಬದಲಾಯ್ತು ಅಂತ ಕೇಳಿ ಆ ಕಾಗದ ಕೊನೇ ಹಾಳೆವರೆಗೂ ಓದಿ. ಕ್ಯಾಶ್ ಕೊಡಲೇಬೇಡಿ. ಬ್ರೋಕರ್ ಟೆರೇಸಿಗೆ ಕರೆದ್ರೆ ಹೋಗಬೇಡಿ, ಕೆಳಗೇ ಕೂತು ಮನೇಲಿರೋ ಹಿರಿಯರ ಹತ್ರ ಒಂದು ಲೋಟ ನೀರು ಕೇಳಿ.

ಆ ಮನೆ ಈಗ ಮತ್ತೆ ಮಾರಾಟಕ್ಕಿದೆ. ಬ್ರೋಕರ್ ಸ್ಟೇಟಸ್ಸಲ್ಲಿ ಮೊನ್ನೆ ನೋಡಿದೆ, ‘ಸಿಂಗಲ್ ಓನರ್, ಕ್ಲಿಯರ್ ಟೈಟಲ್, 44 ಲಕ್ಷ’. ಹಾಲಿನ ಫೋಟೋದಲ್ಲಿ ಅಜ್ಜಿ ಇಲ್ಲ. ಎಡಗಡೆ ಮೂಲೇಲಿ ಮೊರ ಅರ್ಧ ಕಾಣುತ್ತೆ.