ಚಿಲ್ಲರ್‌ಗಿಂತ ಫ್ಯಾನೇ ವಾಸಿ, ಮನೆ ಬೆಂಗಳೂರಿನಲ್ಲಿದ್ದರೆ

ಉಪ್ಪುನೀರಿನ ಟ್ಯಾಂಕಿನಲ್ಲಿ ಮೆದು ಹವಳ ಸಾಕುವವರು ಲೈಟಿನ ಬಗ್ಗೆ ಗಂಟೆಗಟ್ಟಲೆ ವಾದ ಮಾಡುತ್ತಾರೆ. ನನಗೆ ಲೈಟು ಯಾವತ್ತೂ ಕಾಟ ಕೊಟ್ಟಿಲ್ಲ. ಕಾಟ ಏನಿದ್ದರೂ ಮಾರ್ಚ್‌ನಿಂದ ಮೇವರೆಗಿನ ಸೆಕೆಯದು. ಈ ಹವಳಗಳಿಗೆ 24ರಿಂದ 27 ಡಿಗ್ರಿ ಹಿತ. ಹಾಲ್‌ನಲ್ಲಿ 33 ಡಿಗ್ರಿ ಇದ್ದರೆ, ಪಂಪು ಲೈಟುಗಳ ಬಿಸಿಯೂ ಸೇರಿ ನೀರು ಸಲೀಸಾಗಿ 30 ದಾಟುತ್ತದೆ. ಮೊದಲು ಸುದ್ದಿ ಕೊಡುವುದು ಝೀನಿಯಾ ಅನ್ನುವ ಮೆದು ಹವಳ. ಒಂದೇ ಸಮನೆ ಬಿಚ್ಚಿ ಮುಚ್ಚುತ್ತಿದ್ದ ಅದರ ಕೈಗಳು ನಿಂತುಬಿಡುತ್ತವೆ, ಬುಡ ಮೆತ್ತಗಾಗಿ ಜೋತುಬೀಳುತ್ತದೆ. ಸೆಕೆ ಹಾಗೇ ಮುಂದುವರಿದರೆ ಹವಳದ ಮೈಯೊಳಗೆ ವಾಸಿಸಿ ಅದಕ್ಕೆ ಆಹಾರ ಮಾಡಿಕೊಡುವ ಪಾಚಿ ಹೊರಬಿದ್ದು ಬಣ್ಣ ಬಿಳಿಚಿಕೊಳ್ಳುತ್ತದೆ. ಲೆದರ್ ಹವಳ ಮುದುಡಿದ್ದನ್ನು ಮಾತ್ರ ನಂಬಬೇಡಿ. ಅದು ಮೇಣದಂಥ ಪೊರೆ ಕಳಚುವುದಕ್ಕೂ ದಿನಗಟ್ಟಲೆ ಮುಖ ಮುಚ್ಚಿ ಕೂರುತ್ತದೆ.

ನನ್ನ 200 ಲೀಟರ್ ಟ್ಯಾಂಕಿಗೆ ಮೊದಲು ಬಂದದ್ದು ಚಿಲ್ಲರ್, ಅಂದರೆ ಫ್ರಿಜ್ಜಿನ ಹಾಗೆ ಕಂಪ್ರೆಸರಿನಿಂದ ನೀರು ತಣಿಸುವ ಮೆಷಿನ್. ತಣ್ಣಗೆ ಮಾಡುವ ಕೆಲಸದಲ್ಲಿ ಅದಕ್ಕೆ ಹೆಸರಿಡುವಂತಿಲ್ಲ, ಹೇಳಿದ ಡಿಗ್ರಿಗೆ ತಂದು ಅಲ್ಲೇ ನಿಲ್ಲಿಸುತ್ತದೆ. ಆದರೆ ನೀರಿನಿಂದ ತೆಗೆದ ಬಿಸಿಯನ್ನೆಲ್ಲ ತನ್ನ ಕರೆಂಟಿನ ಬಿಸಿಯ ಜೊತೆ ಹಾಲ್‌ಗೇ ಊದುತ್ತದೆ. ಟ್ಯಾಂಕ್ ತಂಪು, ಮನೆಯವರು ಬೆವರು. ಸದ್ದು ಬೇರೆ. ಕರೆಂಟ್ ಹೋದರೆ ಕಂಪ್ರೆಸರ್ ಶುರುವಾಗುವಾಗಿನ ಎಳೆತಕ್ಕೆ ಮನೆಯ ಇನ್ವರ್ಟರ್ ಕೈಚೆಲ್ಲುತ್ತದೆ. ಅಂದರೆ ಬೇಕೇ ಬೇಕಾದ ಮಧ್ಯಾಹ್ನ ಅದು ಇಪ್ಪತ್ತು ಸಾವಿರಕ್ಕೂ ಮೇಲಿನ ಕಬ್ಬಿಣದ ಡಬ್ಬ.

ಈಗಿರುವುದು ಎಸ್‌ಪಿ ರೋಡಿನಿಂದ ತಂದ 12 ವೋಲ್ಟಿನ ಕಂಪ್ಯೂಟರ್ ಫ್ಯಾನುಗಳು, ಜೊತೆಗೆ ನೀರಿನ ತಾಪ ನೋಡಿ ಅವನ್ನು ತಾನೇ ಶುರುಮಾಡಿ ನಿಲ್ಲಿಸುವ ಒಂದು ಎಸ್‌ಟಿಸಿ-1000 ಕಂಟ್ರೋಲರ್. 26.5ಕ್ಕೆ ಶುರು, 26ಕ್ಕೆ ಬಂದ್. ಗಾಳಿ ನೀರಿನ ಮೇಲೆ ಬೀಸುತ್ತದೆ, ನೀರು ಆವಿಯಾಗುತ್ತ ಬಿಸಿಯನ್ನು ಹೊತ್ತೊಯ್ಯುತ್ತದೆ, ಅಷ್ಟೇ. ಒಂದು ಲೀಟರ್ ನೀರು ಆವಿಯಾದರೆ ಸುಮಾರು 2,400 ಕಿಲೋಜೂಲ್ ಬಿಸಿ ಹೋದಂತೆ. ನಮ್ಮ ಟ್ಯಾಂಕಿನ ಅಷ್ಟೂ ನೀರನ್ನು ಮೂರು ಡಿಗ್ರಿ ಇಳಿಸಲು ಅಷ್ಟು ಸಾಕು. ಇನ್ವರ್ಟರ್‌ಗೆ ಈ ಫ್ಯಾನು ಲೆಕ್ಕಕ್ಕೇ ಇಲ್ಲ.

ಈಗ ಅದರ ರಗಳೆಗೆ ಬರೋಣ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ. ಕಡು ಬೇಸಿಗೆಯಲ್ಲಿ ನನ್ನ ಟ್ಯಾಂಕು ದಿನಕ್ಕೆ ನಾಲ್ಕು ಲೀಟರ್ ಕುಡಿಯುತ್ತದೆ. ಸಾವಿರಕ್ಕೆ 35 ಇದ್ದ ಉಪ್ಪಿನಂಶ, ನೀರು ತುಂಬದೆ ಬಿಟ್ಟರೆ ವಾರದಲ್ಲಿ 40 ದಾಟುತ್ತದೆ. ಸೆಕೆಯಿಂದ ಉಳಿಸಿದ ಹವಳವನ್ನು ಉಪ್ಪಿನಲ್ಲಿ ಹಾಕಿ ಕೊಂದ ಹಾಗೆ. ದಿನಾ ತುಂಬಿದರಾಯಿತು ಅನ್ನಬಹುದು. ಯಾವ ನೀರು ತುಂಬುತ್ತೀರಿ ಅನ್ನುವುದೇ ಪ್ರಶ್ನೆ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಅಡುಗೆಮನೆಯ ಆರ್‌ಒ ನೀರೂ ಸಾಲದು, ಏಕೆಂದರೆ ಹೆಚ್ಚಿನ ಮೆಷಿನ್‌ಗಳು ರುಚಿಗೆಂದು ಸ್ವಲ್ಪ ನೀರನ್ನು ಮೆಂಬ್ರೇನ್ (ನೀರು ಶೋಧಿಸುವ ಪೊರೆ) ದಾಟಿಸದೆ ಮತ್ತೆ ಬೆರೆಸುತ್ತವೆ. ಅದರ ಸಿಲಿಕೇಟ್, ಫಾಸ್ಫೇಟ್ ಆವಿಯಾಗುವುದಿಲ್ಲ, ಶೇಖರವಾಗುತ್ತ ಹೋಗುತ್ತದೆ. ಗಾಜಿನ ಮೇಲೆ ಕಂದು ಲೇಪ, ಆಮೇಲೆ ಹವಳದ ಬಳಗದ ಝೋವಾಂತಿಡ್‌ಗಳ ಸುತ್ತ ಕೂದಲು ಪಾಚಿ. ಮೆಂಬ್ರೇನ್‌ನಿಂದ ನೇರವಾಗಿ ಪೈಪ್ ಎಳೆದು, ನಡುವೆ ಉಳಿದ ಲವಣಗಳನ್ನೂ ಹಿಡಿಯುವ ಡಿಐ ರೆಸಿನ್ ಹಾಕಿಸಿ, ನೀರಿನಲ್ಲಿ ಕರಗಿರುವುದನ್ನು ಅಳೆಯುವ ಟಿಡಿಎಸ್ ಮೀಟರ್ ಸೊನ್ನೆ ತೋರಿಸಿದ ಮೇಲೇ ನನಗೆ ನೆಮ್ಮದಿ.

ಕೈಯಲ್ಲಿ ತುಂಬುವ ಬೇಸರಕ್ಕೆ 20 ಲೀಟರ್ ಕ್ಯಾನು, ಸಣ್ಣ ಪಂಪು, ಫ್ಲೋಟ್ ಸ್ವಿಚ್ ಜೋಡಿಸಿದೆ. ಪಾಚಿ ತಿನ್ನಲೆಂದು ಬಿಟ್ಟ ಬಸವನಹುಳು ಒಂದು ರಾತ್ರಿ ಆ ಫ್ಲೋಟಿನ ಮೇಲೇ ಹತ್ತಿ ಕೂತಿತು. ಅದರ ಭಾರಕ್ಕೆ ಫ್ಲೋಟ್ ಕೆಳಗಿಳಿದು, ನೀರು ಕಮ್ಮಿಯಾಗಿದೆ ಅಂದುಕೊಂಡ ಪಂಪು ಕ್ಯಾನ್ ಖಾಲಿಯಾಗುವವರೆಗೂ ಓಡಿದೆ. ಬೆಳಿಗ್ಗೆ ನೆಲವೆಲ್ಲ ನೀರು, ಝೀನಿಯಾ ಸೊಪ್ಪಾಗಿ ಬಿದ್ದಿದೆ, ಬಸವನಹುಳು ಮಾತ್ರ ಆರಾಮ. ಈಗ ಫ್ಲೋಟಿನ ಸುತ್ತ ಪ್ಲಾಸ್ಟಿಕ್ ಜಾಲರಿ ಇದೆ. ಜೊತೆಗೆ ಪಂಪಿಗೆ ಟೈಮರ್, ಒಮ್ಮೆಗೆ ಕೆಲವೇ ನಿಮಿಷ.

ಫ್ಯಾನ್ ಇಡಬೇಕಾದರೆ ಮುಚ್ಚಳ ತೆಗೆಯಬೇಕು, ಆಗ ಫೈರ್‌ಫಿಶ್‌ನಂಥ ಮೀನು ಹೊರಕ್ಕೆ ಹಾರುತ್ತದೆ. ಅದಕ್ಕೆ ಕಿಟಕಿಯ ಸೊಳ್ಳೆ ಜಾಲರಿ ಹೊದಿಸಿದರೆ ಸಾಕು. ರೆಕ್ಕೆಗಳ ಮೇಲೆ ಉಪ್ಪು ಕಟ್ಟಿ ಫ್ಯಾನು ಹಾಳಾಗುತ್ತದೆ, ನಿಜ. ಮುನ್ನೂರು ರೂಪಾಯಿಗೆ ಇನ್ನೊಂದು.

ಐಸ್ ಬಾಟಲಿ ಹಾಕುವುದು ಬೇಡ. ತಾಪ ಏರಿಳಿಯುತ್ತಲೇ ಇರುತ್ತದೆ.

ಚಿಲ್ಲರ್ ಈಗ ಮಂಗಳೂರಿನ ನಮ್ಮ ಭಾವನ ಮನೆಯಲ್ಲಿದೆ. ಅವರೂ ನನ್ನನ್ನು ನೋಡಿ ಮೊದಲು ಫ್ಯಾನ್ ಹಾಕಿದ್ದರು. "ನಿಂದು ಎಂಥ ಫ್ಯಾನ್ ಮಾರಾಯ, ಒಂದು ಡಿಗ್ರಿ ಸಹ ಇಳಿಯುವುದಿಲ್ಲ" ಅಂತ ಫೋನ್ ಮಾಡಿದರು. "ಭಾವ, ನಿಮ್ಮೂರಿನ ಗಾಳೀಲೇ ಅಷ್ಟು ನೀರಿರುವಾಗ ಟ್ಯಾಂಕಿನ ನೀರು ಎಲ್ಲಿಗೆ ಹೋಗಬೇಕು?" ಅಂದೆ. ಥರ್ಮಾಮೀಟರಿಗೆ ಒದ್ದೆ ಬಟ್ಟೆ ಸುತ್ತಿ ಗಾಳಿಗೆ ಹಿಡಿದರೆ ಎಷ್ಟು ತೋರಿಸುತ್ತದೋ, ಫ್ಯಾನು ಅದಕ್ಕಿಂತ ಕೆಳಗೆ ಇಳಿಸಲಾರದು. ಬೆಂಗಳೂರಿನ ಏಪ್ರಿಲ್ ಮಧ್ಯಾಹ್ನ ಅದು 21ರ ಆಸುಪಾಸು, ಕರಾವಳಿಯಲ್ಲಿ 27, 28. ನಮ್ಮಲ್ಲೂ ಮಳೆಗಾಲದ ಗಾಳಿ ತೇವವೇ, ಆದರೆ ಆಗ ಕೋಣೆಯೇ ತಣ್ಣಗಿರುತ್ತದೆ.

ನಾನು ದಿನಾ ಸಂಜೆ ಟ್ಯಾಂಕಿನ ಮುಂದೆ ಕೂರುವವನು, ಕ್ಯಾನ್ ತುಂಬುವುದು ಭಾರವಲ್ಲ. ಉಳಿದ ದುಡ್ಡಿನಲ್ಲಿ ಉಪ್ಪಿನಂಶ ಅಳೆಯುವ ರಿಫ್ರ್ಯಾಕ್ಟೋಮೀಟರ್, ಡಿಐ ಎರಡೂ ಬಂದವು. ಬೇಸಿಗೆಯಲ್ಲಿ ವಾರಗಟ್ಟಲೆ ಊರು ಬಿಟ್ಟಿರುವ ಕೆಲಸ ನಿಮ್ಮದಾದರೆ, ಇಲ್ಲಾ ಕರಾವಳಿಯಲ್ಲಿದ್ದರೆ ಚಿಲ್ಲರನ್ನೇ ತಗೊಳ್ಳಿ. ಆದರೆ ದುಡ್ಡು ಕೊಡುವ ಮೊದಲು ಅದನ್ನು ಬಾಲ್ಕನಿಯಲ್ಲಿಟ್ಟು ಟ್ಯಾಂಕಿಗೆ ಪೈಪ್ ಎಳೆಯಲು ಆಗುತ್ತದಾ ಅಂತ ಟೇಪ್ ಹಿಡಿದು ಅಳೆದುಕೊಳ್ಳಿ.